ಹಗ್ಗವನ್ನೂ ನಂಬದವರು

ಅವರು ತೀರಿಕೊಂಡರೆಂದು ಅವರ ತಂಗಿ ಫೋನ್ ಮಾಡಿ ಹೇಳಿದಾಗ ನನ್ನ ಬಾಯಿಂದ ಮೊದಲು ಬಂದದ್ದು, "ಡಾಕ್ಟ್ರು ಹೇಳಿದ್ರಾ?" ಎಂಬ ಮಾತು. ಆಕೆ ಅಳುತ್ತಿದ್ದರು, ನಾನು ಹಾಗೆ ಕೇಳಬಾರದಿತ್ತು. ಆದರೆ ಯಾವ ಮಾತನ್ನೂ ಒಂದೇ ಸಲಕ್ಕೆ ಒಪ್ಪಿಕೊಳ್ಳದ ಈ ಚಟ ನನಗೆ ಅಂಟಿದ್ದೇ ಅವರಿಂದ. ಆಕೆಗೂ ಅದು ಹೊಳೆದಿರಬೇಕು. ಅಳುವಿನ ನಡುವೆಯೇ, "ಇಬ್ರು ನೋಡಿ ಹೇಳಿದ್ರು ಕಣಮ್ಮ. ಅಣ್ಣಯ್ಯ ಇದ್ದಿದ್ರೆ ಮೂರನೆಯವ್ರನ್ನೂ ಕೇಳ್ತಿದ್ದ" ಎಂದರು.

ನನ್ನದು ಹಿರಿಯೂರಿನಲ್ಲಿ ಹಗ್ಗ, ವೈರ್ ರೋಪ್, ತಾಡಪಾಲು ಮಾರುವ ಅಂಗಡಿ. ಬರುವವರೆಲ್ಲ ಬೋರ್‌ವೆಲ್‌ನವರು, ಲಾರಿಯವರು, ತೋಟದವರು. ಆರುನೂರು ಅಡಿ ಆಳಕ್ಕೆ ಮೋಟರ್ ಇಳಿಬಿಡುವ ಹಗ್ಗ ಯಾವುದು, ಲಾರಿಯ ಲೋಡು ಬಿಗಿಯುವ ಹಗ್ಗ ಯಾವುದು ಎಂದು ನಿದ್ದೆಯಲ್ಲಿ ಕೇಳಿದರೂ ಹೇಳಬಲ್ಲೆ ಎಂಬ ಜಂಬ ನನಗಿತ್ತು. ಹಾಯಿದೋಣಿಗೆ ಸಾಮಾನು ಬೇಕೆಂದು ನಮ್ಮ ಬಯಲುಸೀಮೆಯ ಅಂಗಡಿಯ ಮೆಟ್ಟಿಲು ಹತ್ತಿದವರು ಅವರೊಬ್ಬರೇ.

ಮೊದಲ ದಿನ ಅವರನ್ನು ನೋಡಿ ನಾನು ತೆರಿಗೆ ಇಲಾಖೆಯ ಕಡೆಯವರೆಂದುಕೊಂಡೆ. ಇಸ್ತ್ರಿ ಮಾಡಿದ ಬಿಳಿ ಅರ್ಧ ತೋಳಿನ ಅಂಗಿ, ಮೊಳೆ ಹೊಡೆದಂತೆ ನೆಟ್ಟಗಿನ ಬೆನ್ನು, ಹೆಗಲಿಗೆ ಹಳೆಯ ಕಂಬಳಿಯ ತುಂಡಿನಲ್ಲಿ ಹೊಲಿದ ಚೀಲ. ಸ್ಟೇನ್‌ಲೆಸ್ ಸ್ಟೀಲಿನ ತಂತಿಹಗ್ಗ ಕೇಳಿದರು. ನನ್ನ ಹತ್ತಿರ ಇದ್ದದ್ದನ್ನು ತೆಗೆದುಕೊಟ್ಟು, "ಒರಿಜಿನಲ್ ಸ್ಟೀಲು ಸಾರ್" ಎಂದೆ. ಅವರು ಚೀಲದಿಂದ ಒಂದು ಅಯಸ್ಕಾಂತ ತೆಗೆದರು. ಅದು ಠಪ್ಪನೆ ಹೋಗಿ ತಂತಿಗೆ ಕಚ್ಚಿಕೊಂಡಿತು. ಅವರು ಅಯಸ್ಕಾಂತವನ್ನೂ ನೋಡಲಿಲ್ಲ, ತಂತಿಯನ್ನೂ ನೋಡಲಿಲ್ಲ. ನನ್ನ ಮುಖ ನೋಡಿದರು.

"ಒಳ್ಳೇ ಸ್ಟೀಲಿಗೆ ಅಯಸ್ಕಾಂತ ಹಿಡಿಯಾಕಿಲ್ಲ. ಸ್ವಲ್ಪ ಎಳೆದ್ರೆ ಅನುಮಾನ. ಹಿಂಗೆ ಕಚ್ಕಂಡ್ರೆ ಸುಳ್ಳು" ಎಂದರು.

"ಕಂಪನಿಯವ್ರು ಹಂಗೆ ಹೇಳೇ ಕೊಟ್ಟಿದ್ದು ಸಾರ್."

"ನೀವು ನೋಡಿದ್ರಾ?"

ನಾನು ನೋಡಿರಲಿಲ್ಲ. ನಮ್ಮ ವ್ಯಾಪಾರದಲ್ಲಿ ಯಾರೂ ನೋಡುವುದಿಲ್ಲ. ಅವರು ತಂತಿಯನ್ನು ಸುರುಳಿ ಸುತ್ತಿ ನನ್ನ ಮುಂದಿಟ್ಟರು. "ನೋಡ್ರಮ್ಮ, ಸತು ಬಳಿದ ಕಬ್ಬಿಣ ಅಂತ ಹೇಳಿ ಕೊಟ್ರೆ ಅದನ್ನ ಹಂಗೇ ನೋಡ್ಕಂತೀನಿ. ಎಣ್ಣೆ ಹಚ್ತೀನಿ, ಎರಡು ವರ್ಷಕ್ಕೆ ಬಿಚ್ಚಿ ಬಿಸಾಕ್ತೀನಿ. ಸ್ಟೀಲು ಅಂತ ಕೊಟ್ರೆ ನಂಬಿ ಕುಂತ್ಕಂತೀನಿ. ಕೆಡೋದು ಕಬ್ಬಿಣದಿಂದ ಅಲ್ಲ, ಆ ಹೆಸರಿಂದ."

ಅವರು ಹೋದ ಮೇಲೆ ನನ್ನ ಯಜಮಾನರು, "ಯಾರೋ ನಮ್ಮ ಮೇಲೆ ಕಣ್ಣಿಟ್ಟವರು ಕಳಿಸಿರೋ ಆಸಾಮಿ" ಎಂದರು. ನಾನೂ ಹಾಗೇ ಅಂದುಕೊಂಡೆ. ಮುಂದಿನ ವಾರ ಅವರು ಮತ್ತೆ ಬಂದಾಗ ಆ ಸುರುಳಿಯನ್ನು ಹಿಂದಿನ ಕೋಣೆಗೆ ತಳ್ಳಿದ್ದೆ.

ಆಮೇಲೆ ತಿಳಿದ ಸಂಗತಿ ಇಷ್ಟು. ಅವರು ಯಲ್ಲದಕೆರೆ ಕಡೆಯ ಕುರಿ ಕಾಯುವ ಮನೆತನದವರು. ಹುಡುಗರಾಗಿದ್ದಾಗಲೇ ನೌಕಾಪಡೆಗೆ ಸೇರಿ, ನಿವೃತ್ತಿಯಾದ ಮೇಲೆ ಕರಾವಳಿಯಲ್ಲಿ ದೋಣಿ ರಿಪೇರಿಯ ಕೆಲಸ ಮಾಡಿ, ಅರವತ್ತು ದಾಟಿದ ಮೇಲೆ ಊರಿಗೆ ಬಂದಿದ್ದರು. ಬರುವಾಗ ಒಂದು ಲಾರಿಯ ಮೇಲೆ ಹದಿನೆಂಟು ಅಡಿಯ ಹಳೆಯ ಮರದ ಹಾಯಿದೋಣಿಯನ್ನು ಹೇರಿಸಿಕೊಂಡು ಬಂದಿದ್ದರು. ಮುಚ್ಚಿಹೋದ ಯಾವುದೋ ಕ್ಲಬ್ಬಿನವರು ಬೇಡವೆಂದು ಬಿಟ್ಟದ್ದಂತೆ. ಮಾರಿಕಣಿವೆಯ ಹಿನ್ನೀರಿಗೆ ಅಂಟಿಕೊಂಡಂತೆ ಅವರ ತಂಗಿಯ ಹೊಲವಿತ್ತು. ಅಲ್ಲಿನ ಬೇವಿನ ಮರದಡಿ ಕಲ್ಲುಗಳ ಮೇಲೆ ಅದನ್ನು ಕೂರಿಸಿದ್ದರು. ಎಷ್ಟೋ ವರ್ಷಗಳಿಂದ ಬತ್ತಿದಂತಿದ್ದ ಜಲಾಶಯ ಆಗ ತುಂಬಿತ್ತು. ಹೊಲದ ಬದುವಿಗೇ ನೀರು ಬಂದು ನಿಂತಿತ್ತು.

ಊರವರು ಅವರನ್ನು ನಂಬಲಿಲ್ಲ. ನೀರಿನಡಿ ಮುಳುಗಿದ ಹಳೇ ಗುಡಿಯ ನಿಧಿ ಎತ್ತಲು ಬಂದಿದ್ದಾನೆ ಎಂದು ಕೆಲವರು, ಕದ್ದು ಮೀನು ಹಿಡಿಯಲು ಎಂದು ಕೆಲವರು. ಯಾರೋ ದೂರು ಕೊಟ್ಟು ಪೊಲೀಸರೂ ಬಂದು ಹೋದರು. ಇವರಿಗೆ ಬೇಸರವೇನೂ ಆಗಲಿಲ್ಲ. ದೋಣಿ ಬಿಡುವ ಅನುಮತಿ ಪತ್ರವನ್ನು ಪ್ಲಾಸ್ಟಿಕ್ ಕವರಿನಿಂದ ತೆಗೆದು ತೋರಿಸಿ, ಬಂದವರ ಗುರುತಿನ ಚೀಟಿಯನ್ನೂ ಕೇಳಿ ನೋಡಿದರಂತೆ. "ಅವ್ರು ನನ್ನ ಮೇಲೆ ಅನುಮಾನ ಪಟ್ಟಿದ್ದು ಸರಿಯಾಗೇ ಐತೆ. ಬಯಲಾಗೆ ಹಾಯಿದೋಣಿ ತಂದವನ್ನ ನಾನಾದ್ರೂ ಬಿಡ್ತಿರಲಿಲ್ಲ" ಎಂದು ನನ್ನ ಹತ್ತಿರ ಹೇಳಿದರು.

ಅವರ ಕಂಬಳಿ ಚೀಲದಲ್ಲಿ ಅಯಸ್ಕಾಂತದ ಜೊತೆಗೆ ಬೆಂಕಿಪೊಟ್ಟಣ, ಮಡಚುವ ಚಾಕು, ಒಂದು ಹಿಡಿ ಅರಳೆ ಇರುತ್ತಿದ್ದವು. ಹಗ್ಗದ ತುದಿಯನ್ನು ಕಡ್ಡಿ ಗೀರಿ ಸುಟ್ಟು ಹೊಗೆಯ ಬಣ್ಣ ನೋಡುವರು, ವಾಸನೆ ನೋಡುವರು. ಕರಿ ಹೊಗೆ ಬಿಟ್ಟರೆ ಪಾಲಿಸ್ಟರ್. ಹಾಯಿ ಏರಿಸುವ ಹಗ್ಗಕ್ಕೆ ಅವರಿಗೆ ಬೇಕಾದದ್ದು ಅದೇ. ನಾನು ನೈಲಾನೇ ಗಟ್ಟಿ ಎಂದು ವಾದಿಸಿದಾಗ, "ಗಟ್ಟಿ ನಿಜ, ಆದ್ರೆ ಹಿಗ್ತೈತೆ. ಹಾಯಿ ಬಿಗಿಯಾಗಿ ಕಟ್ಟಿರ್ತೀನಿ, ಗಾಳಿ ಬಂದೇಟಿಗೆ ಹಗ್ಗ ಹಿಗ್ಗಿ ಹಾಯಿ ಜೋತು ಬೀಳ್ತೈತೆ. ಲಂಗರಿಗಾದ್ರೆ ಹಿಗ್ಗೋದೇ ಬೇಕು. ಗಟ್ಟಿ ಅಂದ್ರೆ ಸಾಲದಮ್ಮ, ಯಾತಕ್ಕೆ ಗಟ್ಟಿ ಅಂತ ಕೇಳ್ಬೇಕು" ಎಂದರು. ಅರಳೆ ತಂತಿಹಗ್ಗಕ್ಕೆ. ಹಳೆಯ ತಂತಿಯ ಉದ್ದಕ್ಕೂ ಅರಳೆಯನ್ನು ಸವರಿಕೊಂಡು ಹೋಗುವರು. ಎಲ್ಲಾದರೂ ಒಂದು ಎಳೆ ಮುರಿದಿದ್ದರೆ ಅರಳೆಯ ಚೂರು ಅಲ್ಲಿ ಸಿಕ್ಕಿಕೊಳ್ಳುತ್ತದೆ. ಹಾಯಿ ಕಟ್ಟುವ ಕೂವೆಕಂಬವನ್ನು ಎರಡು ಪಕ್ಕದಿಂದ ಹಿಡಿದಿದ್ದ ಹಳೆಯ ತಂತಿಗಳನ್ನು ಹೀಗೆ ಸವರಿ ಅವರು ನನಗೆ ತೋರಿಸಿದ ದಿನ, ಕಣ್ಣಿಗೆ ಫಳಫಳ ಹೊಳೆಯುತ್ತಿದ್ದ ತಂತಿಯ ಮೇಲೆ ಏಳು ಕಡೆ ಬಿಳಿ ಅರಳೆ ನಿಂತಿತ್ತು.

ಆ ತಂತಿಗಳು ದೋಣಿಯ ಮೈಗೆ ಸೇರುವಲ್ಲಿ ಲೋಹದ ಪಟ್ಟಿಗಳಿದ್ದವು. ಹೊರಗೆ ಒಂದು ಚುಕ್ಕೆ ತುಕ್ಕಿಲ್ಲ. ನಾನಾಗಿದ್ದರೆ ಒರೆಸಿ ಬಿಡುತ್ತಿದ್ದೆ. ಅವರು ಅರ್ಧ ದಿನ ಕೂತು ಬೋಲ್ಟುಗಳನ್ನು ಬಿಚ್ಚಿ ಪಟ್ಟಿಯನ್ನು ಹೊರಗೆಳೆದರು. ಹಲಗೆಯೊಳಗೆ ಮುಚ್ಚಿಹೋಗಿದ್ದ ಭಾಗ ಕಪ್ಪಗಾಗಿ, ಇಲಿ ಕಡಿದ ರೊಟ್ಟಿಯ ಅಂಚಿನಂತೆ ಸವೆದಿತ್ತು. "ಕಾಣೋ ಜಾಗ ಕೆಡಾದು ಕಮ್ಮಿ" ಎಂದಷ್ಟೇ ಹೇಳಿ ಅದನ್ನು ನನ್ನ ಅಂಗೈಗೆ ಹಾಕಿದರು. ಹೊಸ ಪಟ್ಟಿಗಳನ್ನು ಚಿತ್ರದುರ್ಗದ ಒಬ್ಬ ಲೇತ್‌ನವನಿಂದ ಮಾಡಿಸಿದರು. ಅವನ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕೂತು ಮಾಡಿಸಿದರು. ಊಟಕ್ಕೂ ಏಳಲಿಲ್ಲವಂತೆ. ಎದ್ದರೆ ಲೋಹ ಬದಲಾಯಿಸುತ್ತಾನೆಂಬ ಅನುಮಾನ.

ಹೆದ್ದಾರಿಯ ಹೋಟೆಲಿನ ಮುಂದೆ ಒಮ್ಮೆ ಅವರಿಗೆ ಪೆಟ್ಟು ಬೀಳುವುದರಲ್ಲಿತ್ತು. ನಿಂತಿದ್ದ ಲಾರಿಯ ತಾಡಪಾಲಿನ ಗಂಟು ಸರಿಯಿಲ್ಲವೆಂದು ಕಂಡು, ತಡೆಯಲಾರದೆ ಬಿಚ್ಚಿ ಮತ್ತೆ ಕಟ್ಟುತ್ತಿದ್ದರು. ಡ್ರೈವರ್ ಬಂದು, "ಲೇ ಮುದುಕ, ಲೋಡಿಗೆ ಕೈ ಹಾಕ್ತೀಯಾ?" ಎಂದು ಕೊರಳಪಟ್ಟಿ ಹಿಡಿದ. ಇವರು ಕೊಸರಾಡದೆ, "ಹಿಡ್ಕಳಪ್ಪ. ಹಿಡ್ಕಂಡೇ ಆ ಗಂಟು ಎಳ್ದು ನೋಡು" ಎಂದರು. ಅವನು ಒಂದು ಕೈಯಲ್ಲಿ ಇವರನ್ನು ಹಿಡಿದುಕೊಂಡೇ ಎಳೆದು ನೋಡಿದ. ಆಮೇಲೆ ಬಿಟ್ಟ. ಉಳಿದ ಗಂಟುಗಳನ್ನೂ ಕಟ್ಟಿಸಿಕೊಂಡನಂತೆ.

ಹೀಗಿರುವವರಿಗೆ ಹಿಂದೆ ಕಡಲಿನಲ್ಲಿ ಏನೋ ಆಗಿರಬೇಕು, ಯಾರೋ ಕಣ್ಣೆದುರಿಗೆ ಸತ್ತಿರಬೇಕು ಎಂದು ನನ್ನ ಊಹೆ. ಒಂದು ದಿನ ಧೈರ್ಯ ಮಾಡಿ ಕೇಳಿಯೇಬಿಟ್ಟೆ. ಅವರು, "ಏನೂ ಆಗ್ಲಿಲ್ಲ. ಆಗದಂಗೆ ನೋಡ್ಕಂಡೆ" ಎಂದರು.

ಇಷ್ಟಾದರೂ ಅವರ ಪರೀಕ್ಷೆಗಳು ನನಗೆ ಒಂದು ತಮಾಷೆಯಾಗಿದ್ದವು. ಅದು ತಮಾಷೆಯಾಗಿ ಉಳಿಯದ ದಿನ ಬಂತು.

ನಮ್ಮ ಅಂಗಡಿಯ ಮುಂದೆ, ಬಾಗಿಲ ಪಕ್ಕದ ಮೊಳೆಗೆ, ಗಿರಾಕಿಗಳ ಕಣ್ಣಿಗೆ ಬೀಳಲೆಂದು ದಪ್ಪ ಹಸಿರು ಹಗ್ಗದ ಒಂದು ಸುರುಳಿ ನೇತುಹಾಕಿದ್ದೆವು. ಅದು ಅಲ್ಲಿದ್ದು ಎಷ್ಟು ವರ್ಷವಾಯಿತೋ ನನಗೇ ನೆನಪಿರಲಿಲ್ಲ. ಆವತ್ತು ಬೆಳಿಗ್ಗೆ ಅವರು ಒಳಗೆ ಬರುವ ಮೊದಲು ಅದರ ಮುಂದೆ ನಿಂತು, ಹೆಬ್ಬೆರಳಿನ ಉಗುರಿನಿಂದ ಗೀರಿದರು. ಹಸಿರು ಪುಡಿ ಉದುರಿತು. ಒಂದು ಚೂರು ಕೊಯ್ದು ನಮ್ಮ ಬಕೆಟ್ಟಿನ ನೀರಿಗೆ ಹಾಕಿದರು. ತೇಲಿತು.

"ನೈಲಾನ್ ಅಂತ ಚೀಟಿ ಐತೆ. ನೈಲಾನ್ ಮುಳುಗ್ತೈತೆ. ಇದು ಬರೇ ಪ್ಲಾಸ್ಟಿಕ್. ಅದೂ ಬಿಸಿಲು ತಿಂದಿರೋದು." ಆಮೇಲೆ ಸುರುಳಿಯ ತುದಿ ಹಿಡಿದು, "ಹೊಸದಾಗಿ ಕೊಯ್ದಂಗೈತಲ್ಲ? ಯಾರಿಗೆ ಕೊಟ್ರಿ?" ಎಂದು ಕೇಳಿದರು.

ಹಿಂದಿನ ದಿನ ಸಂಜೆ ಜವನಗೊಂಡನಹಳ್ಳಿ ಕಡೆಯ ಒಬ್ಬ ರೈತ ಬಂದಿದ್ದ. ಒಳಗಿನ ಸ್ಟಾಕು ಮುಗಿದಿತ್ತು. ಗೋಡೌನಿಗೆ ಹೋಗಿ ತರಲು ಬೇಸರವಾಗಿ, ಮೊಳೆಯಿಂದ ಇಳಿಸಿ ಅದನ್ನೇ ಕೊಯ್ದು ಕೊಟ್ಟಿದ್ದೆ. ಹಳೇ ಬಾವಿಯ ಹೂಳು ತೆಗೆಸಬೇಕು ಅಂದಿದ್ದ. ಅಷ್ಟನ್ನು ಅವರಿಗೆ ಹೇಳಿದೆ.

"ಹೂಳಿನ ಬುಟ್ಟಿಗಾ, ಮನುಷ್ಯಂಗಾ?"

"ಕೇಳ್ಲಿಲ್ಲ ಸಾರ್."

ಅವರು ಬೈಯಲಿಲ್ಲ. "ಒಳ್ಳೇ ಹಗ್ಗ ಐತಾ? ತಗಳಮ್ಮ, ಹೋಗಾಣ" ಎಂದರು. ರೈತನ ನಂಬರಿಗೆ ಮಾಡಿದರೆ ಎತ್ತಲಿಲ್ಲ. ಎರಡು ದಿನದ ಹಿಂದೆ ಬಂದ ಹೊಸ ಸುರುಳಿ ಗೋಡೌನಿನಲ್ಲಿತ್ತು, ಓಡಿಹೋಗಿ ತಂದೆ. ನಾನು ಸ್ಕೂಟರಿನ ಕೀಲಿ ಹಿಡಿದು ನಿಂತಿದ್ದರೂ ಅವರು ಅದರ ತುದಿಯನ್ನು ಸುಟ್ಟು, ನೀರಿಗೆ ಹಾಕಿ, ಮುಳುಗಿದ್ದನ್ನು ನೋಡಿದ ಮೇಲೆಯೇ ಹೆಗಲಿಗೆ ಏರಿಸಿದರು. ನನಗೆ ಕೋಪ ಬಂತು. ಆದರೆ ಕೋಪಿಸಿಕೊಳ್ಳುವ ಹಕ್ಕು ನನಗೆ ಉಳಿದಿರಲಿಲ್ಲ. ನನ್ನ ಸ್ಕೂಟರಿನ ಹಿಂದೆ ಕೂತರು.

ವಿಚಾರಿಸಿಕೊಂಡು ಹೊಲ ತಲುಪಿದಾಗ ಬಾವಿಯ ಮೇಲೆ ಮೂರು ಜನ ನಿಂತಿದ್ದರು. ರಾಟೆಯ ಮೇಲಿಂದ ನನ್ನ ಹಸಿರು ಹಗ್ಗ ಬಿಗಿಯಾಗಿ ಕೆಳಗೆ ಇಳಿದಿತ್ತು. ಒಬ್ಬ ಆಳು ಒಳಗಿದ್ದ. ಬುಟ್ಟಿಗೆ ಬೇರೆ ಹಗ್ಗವಿತ್ತು. ಹಸಿರು ಹಗ್ಗ ಅವನ ಸೊಂಟಕ್ಕೆ.

ನಾನು ಉಸಿರು ಬಿಡದೆ ಹೇಳಿದ್ದನ್ನೆಲ್ಲ ರೈತ ಕೇಳಿ, ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ನೋಡಿದ. "ಮಾರಿದ ಮಾಲನ್ನ ವಾಪಸ್ ಕೇಳ್ಕಂಡು ಮನೆ ಬಾಗ್ಲಿಗೆ ಬರೋ ಅಂಗಡಿ ಎಲ್ಲಾದ್ರೂ ಐತೇನಮ್ಮ? ಏನ್ ಕಿತಾಪತಿ ಇದು? ಇವ್ರು ಯಾರು?" ಎಂದ. ಅವನ ಜಾಗದಲ್ಲಿ ನಾನಿದ್ದರೂ ಅದನ್ನೇ ಕೇಳುತ್ತಿದ್ದೆ.

ಅವರು ಆಗಲೇ ರೈತನನ್ನು ದಾಟಿ ಹೋಗಿದ್ದರು. ಬಾವಿಯ ಕಟ್ಟೆಗೆ ಹೊಟ್ಟೆಯಾನಿಸಿ ಬಗ್ಗಿ, "ಏನಪ್ಪ, ಗೋಡೆಗೆ ಮೆಟ್ಲುಗಲ್ಲು ಅವೇನು?" ಎಂದು ಕೂಗಿದರು.

"ಅರ್ಧಕ್ಕೆ ಅವೆ. ಮೇಲಕ್ಕೆ ಮುರ್ದೋಗ್ಯವೆ" ಎಂದು ಕೆಳಗಿನಿಂದ ದನಿ ಬಂತು.

"ಹೊಸ ಹಗ್ಗ ಬಿಡ್ತೀನಿ. ಇದನ್ನ ಸೊಂಟಕ್ಕೆ ಕಟ್ಕಂಡು, ಆಮೇಲೆ ಅದನ್ನ ಬಿಚ್ಚು. ಮೊದ್ಲೇ ಬಿಚ್ಬ್ಯಾಡ. ಮೆಟ್ಲು ಇರೋಗಂಟ ಕಾಲೂರಿ ಹತ್ತು."

ಅವನು ಹತ್ತಿ ಬಂದ. ಐವತ್ತರ ಆಸುಪಾಸಿನವನು, ಮೈಯೆಲ್ಲ ಕೆಸರು. ರೈತನಿಗೆ ಅವಮಾನವಾಗಿತ್ತು. "ನೋಡೇಬಿಡಾಣ" ಎಂದು ಹಸಿರು ಹಗ್ಗಕ್ಕೆ ಇಬ್ಬರು ಎತ್ತಬೇಕಾದ ಒಂದು ಚಪ್ಪಡಿ ಕಟ್ಟಿಸಿ ಬಾವಿಗೆ ಇಳಿಬಿಟ್ಟ. ಹಗ್ಗ ತಡೆಯಿತು. ಎತ್ತಿಸಿ ಮತ್ತೆ ಇಳಿಬಿಟ್ಟ. ಆಗಲೂ ತಡೆಯಿತು. ಮೇಲಿದ್ದ ಇಬ್ಬರು ನಕ್ಕರು. ರೈತ, "ಏನ್ ಯಜಮಾನ್ರೇ, ಹರೀಲೇ ಇಲ್ವಲ್ಲ?" ಎಂದ. ನನಗೆ ನೆಲ ಬಾಯಿ ಬಿಡಬಾರದೇ ಎನ್ನಿಸಿತು. ಅವರು ಮಾತ್ರ ಆ ನಗುವಿನ ನಡುವೆ ಮರದ ಕೊರಡಿನಂತೆ ನಿಂತು, "ಹೌದು, ಹರೀಲಿಲ್ಲ" ಎಂದರು.

ಬಾವಿಯಿಂದ ಹತ್ತಿ ಬಂದಿದ್ದ ಆಳು ಎದ್ದು ಬಂದು ಹಸಿರು ಹಗ್ಗವನ್ನು ಮುಷ್ಟಿಯಲ್ಲಿ ಹಿಡಿದು ಉಜ್ಜಿದ. ಕೈ ಬಿಚ್ಚಿ ನೋಡಿದ. ಒದ್ದೆ ಅಂಗೈ ತುಂಬ ಹಸಿರು ಪುಡಿ. ಅದನ್ನು ಯಾರಿಗೂ ತೋರಿಸದೆ ಪಂಚೆಗೆ ಒರೆಸಿಕೊಂಡು, "ನಾನು ಇದ್ರಾಗೆ ಇಳಿಯಂಗಿಲ್ಲ" ಎಂದ. ರೈತ ಏನೋ ಹೇಳಹೋದ. ಅವನು ಮತ್ತೊಮ್ಮೆ, "ಇಳಿಯಂಗಿಲ್ಲ ಗೌಡ್ರೇ" ಎಂದ. ನಗು ನಿಂತಿತು. ಹೊಸ ಹಗ್ಗವನ್ನು ರಾಟೆಗೆ ಹಾಕಿದರು.

ಬರುವಾಗ ನಾನು ತಡೆಯಲಾಗದೆ, "ಹರೀಲೇ ಇಲ್ಲವಲ್ಲ ಸಾರ್" ಎಂದೆ. ಹಿಂದಿನಿಂದ ಅವರು, "ಹರೀಬೇಕಿತ್ತೇನಮ್ಮ?" ಎಂದು ಕೇಳಿದರು. ಸ್ಕೂಟರ್ ಪಕ್ಕಕ್ಕೆ ನಿಲ್ಲಿಸಿ ನಾನು ಒಂದಷ್ಟು ಹೊತ್ತು ಅತ್ತೆ. ಅವರು ರಸ್ತೆಯ ಆ ಬದಿಗೆ ಹೋಗಿ, ಬೆನ್ನು ಹಾಕಿ ನಿಂತು, ಯಾರದೋ ಹೊಲದ ಬೇಲಿಯ ತಂತಿಯನ್ನು ಎಳೆದು ನೋಡುತ್ತಿದ್ದರು.

ಅಂದಿನಿಂದ ನಾನು ಅಂಗಡಿಗೆ ಬಂದ ಪ್ರತಿ ಸುರುಳಿಯನ್ನೂ ನೋಡತೊಡಗಿದೆ. ಮಾಲು ಕಳಿಸುವವರೊಡನೆ ಜಗಳವಾಯಿತು. "ಇವಳಿಗೆ ಆ ದೋಣಿಯವನ ಗಾಳಿ ಬಡಿದೈತೆ" ಎಂದರು ಯಜಮಾನರು. ಬಡಿದದ್ದು ನಿಜ. ಭಾನುವಾರ ಮಧ್ಯಾಹ್ನ ಹಿನ್ನೀರಿನ ಕಡೆ ಹೋಗಿ ಅವರ ಕೆಲಸ ನೋಡುತ್ತ ಕೂರುವುದು ನನಗೆ ರೂಢಿಯಾಯಿತು. ಅವರಿಗೂ ನನ್ನ ಮೇಲಿನ ಅನುಮಾನ ಕಡಿಮೆಯಾಯಿತೆಂದು ನಾನು ಅಂದುಕೊಂಡಿದ್ದೆ. ಆದರೆ ನಾನು ಒಯ್ದ ಪ್ರತಿಯೊಂದು ಸಾಮಾನೂ ಅವರ ಪರೀಕ್ಷೆಯನ್ನು ದಾಟಿಯೇ ದೋಣಿ ಸೇರಿತು.

ಕೂವೆಕಂಬ ನಿಲ್ಲಿಸಿ, ಹೊಸ ತಂತಿಗಳನ್ನೆಲ್ಲ ಬಿಗಿದು ಮುಗಿಸಿದ ದಿನ ಅವರು ನನ್ನನ್ನು ಕರೆದು, "ಒಂದ್ಸಲ ಎಲ್ಲಾ ನೋಡಮ್ಮ" ಎಂದರು.

"ನೀವು ಮಾಡಿದ್ದನ್ನ ನಾನೇನು ನೋಡ್ಲಿ ಸಾರ್?"

"ಮಾಡಿದವನೇ ನೋಡಿದ್ರೆ ಅವನಿಗೆ ತಪ್ಪು ಕಾಣಾಕಿಲ್ಲ. ಮತ್ತೆ..." ಎಂದು ತಡೆದು, "ಬಲಗಣ್ಣು ಮಂಜು ಮಂಜು. ಯಾರಿಗೂ ಹೇಳಿಲ್ಲ. ಹೇಳಿದ್ರೆ ನೀರಿಗಿಳಿಯಾಕೆ ಬಿಡಾಕಿಲ್ಲ" ಎಂದರು.

ನಾನು ಒಂದೊಂದೇ ನೋಡುತ್ತ ಬಂದೆ. ಎಡ ಪಕ್ಕದ ತಂತಿಯ ಬುಡದಲ್ಲಿ, ಬಿಗಿಮಾಡುವ ಟರ್ನ್‌ಬಕಲ್ ತಾನಾಗಿ ಸಡಿಲವಾಗದಂತೆ ತಡೆಯುವ ಸ್ಪ್ಲಿಟ್ ಪಿನ್ ಇರಲಿಲ್ಲ. ಹೇಳಿದೆ. "ಹಾಕಿದೀನಿ" ಎಂದರು. ಇಲ್ಲವೆಂದೆ. ಬಂದು ಕಣ್ಣು ಕಿರಿದು ಮಾಡಿ ನೋಡಿದರು. ನನ್ನನ್ನು ನೋಡಿದರು. ನಾನೇ ತೆಗೆದಿಟ್ಟು ಪರೀಕ್ಷೆ ಮಾಡುತ್ತಿದ್ದೇನೆಯೇ ಎಂಬ ಯೋಚನೆ ಆ ಮುಖದ ಮೇಲೆ ಹಾದುಹೋದದ್ದು ನನಗೆ ಸ್ಪಷ್ಟವಾಗಿ ಕಂಡಿತು. ಕೊನೆಗೆ ಹೆಬ್ಬೆರಳಿನಿಂದ ಆ ಖಾಲಿ ತೂತನ್ನು ತಡವಿ, ಅಲ್ಲೇ ದೋಣಿಯ ಅಂಚಿನ ಮೇಲೆ ಕೂತರು. ಅವರಿಗೆ ಅಷ್ಟು ವಯಸ್ಸಾಗಿದೆಯೆಂದು ನನಗೆ ಅಂದೇ ಗೊತ್ತಾದದ್ದು. ಪಿನ್ನನ್ನು ನಾನೇ ಹಾಕಿದೆ. ಅವರು ತಡವಿ ನೋಡಿ ತಲೆಯಾಡಿಸಿದರು.

ನೀರಿಗಿಳಿಸಿದ ಮೇಲೆ ಮೊದಲ ಕೆಲವು ಸಲ ಅವರೊಬ್ಬರೇ ದಡದ ಹತ್ತಿರದಲ್ಲೇ ಸುತ್ತಿ ಬಂದರು. ಆಮೇಲೆ ಒಂದು ಭಾನುವಾರ ನನ್ನನ್ನು ಕರೆದರು. ಯಜಮಾನರು ದಡದಲ್ಲಿ ಕೈಕಟ್ಟಿ ನಿಂತಿದ್ದರು. ನನಗೆ ಈಜು ಬಾರದು. ತೇಲುವ ಜಾಕೀಟಿನ ಪಟ್ಟಿಗಳನ್ನು ಅವರು ಮೂರು ಸಲ ಎಳೆದು ನೋಡಿ ಹತ್ತಿಸಿಕೊಂಡರು.

ಗಾಳಿ ಎಡಗಡೆಯಿಂದ ಬೀಸುತ್ತಿತ್ತು. ಹಾಯಿ ಬಲಕ್ಕೆ ಉಬ್ಬಿ, ದೋಣಿ ವಾಲಿಕೊಂಡು ಓಡತೊಡಗಿತು. ನಾನು ಹೆದರಿ ತಳದಲ್ಲೇ ಕುಕ್ಕರಿಸಿದೆ. ತಂತಿಗಳು ಸಣ್ಣಗೆ ಗುಂಯ್‌ಗುಡುತ್ತಿದ್ದವು. ಅವರು ಹಿಂದೆ, ಒಂದು ಕೈಯಲ್ಲಿ ಚುಕ್ಕಾಣಿ, ಇನ್ನೊಂದರಲ್ಲಿ ಹಾಯಿಯ ಹಗ್ಗ ಹಿಡಿದು, ಆ ಗುಂಯ್‌ಗುಡುವ ದನಿಯನ್ನೇ ಆಲಿಸುತ್ತ ಕೂತಿದ್ದರು. ಆ ಮುಖದಲ್ಲಿ ಸಂತೋಷವಿತ್ತೋ, ಎಲ್ಲಿ ಏನು ಸಡಿಲವಾಯಿತೆಂಬ ಚಿಂತೆಯಿತ್ತೋ ಹೇಳಲಾರೆ.

ತಳದಲ್ಲಿ ಕೂತಿದ್ದರಿಂದ ನನಗೆ ಹಾಯಿಯ ಅಡಿಯಿಂದ ಮುಂದಿನ ನೀರು ಕಾಣುತ್ತಿತ್ತು. ಅವರಿಗೆ ಕಾಣುವಂತಿರಲಿಲ್ಲ. ಜಲಾಶಯ ತುಂಬಿದಾಗ ಮುಳುಗಿದ ಯಾವುದೋ ಮರದ ಕಪ್ಪು ತುದಿ, ಗೇಣುದ್ದ, ನೇರ ನಮ್ಮ ದಾರಿಯಲ್ಲಿ. ಒಮ್ಮೆ ಅಲೆ ಅದನ್ನು ಮುಚ್ಚಿತು. ಮತ್ತೆ ಕಂಡಿತು.

"ಎಡಕ್ಕೆ! ಎಡಕ್ಕೆ ತಿರುಗಿಸ್ರಿ! ಹಗ್ಗ ಬಿಡ್ರಿ!" ಎಂದು ಕಿರುಚಿದೆ.

ಯಾತಕ್ಕೆ ಎಂದು ಅವರು ಕೇಳಲಿಲ್ಲ. ಬಗ್ಗಿ ನೋಡಲಿಲ್ಲ. ನನ್ನ ಮಾತು ಮುಗಿಯುವ ಮೊದಲೇ ಹಗ್ಗ ಅವರ ಕೈಯಿಂದ ಜಾರಿ ಹೋಗಿ, ಹಾಯಿ ಪಟಪಟನೆ ಬಡಿದುಕೊಂಡು, ದೋಣಿ ಎಡಕ್ಕೆ ಹೊರಳಿತ್ತು. ಆ ಕಪ್ಪು ತುದಿ ಬಲಬದಿಯಲ್ಲಿ ಮೊಳದಷ್ಟು ದೂರದಲ್ಲಿ ಸರಿದು ಹಿಂದಕ್ಕೆ ಹೋಯಿತು.

ಹಾಯಿ ಬಡಿಯುವುದು ನಿಂತ ಮೇಲೆ ಅವರು, "ಏನಿತ್ತು?" ಎಂದರು.

"ಮರ, ಸಾರ್."

ಅವರು ಹಾಯಿ ಇಳಿಸಿ, ಹುಟ್ಟು ಕೈಗೆ ತೆಗೆದುಕೊಂಡು, ದೋಣಿಯನ್ನು ಹಿಂದಕ್ಕೆ ತಿರುಗಿಸಿದರು. ದಡದಲ್ಲಿ ಯಜಮಾನರು ಕೈ ಬೀಸಿ ಏನೋ ಕೂಗುತ್ತಿದ್ದರು. ಇವರು ಅತ್ತ ನೋಡಲಿಲ್ಲ. ಎಲ್ಲಿ ಎಂದು ನನ್ನನ್ನು ಕೇಳಿಕೇಳಿ, ಮೆಲ್ಲಗೆ ಹುಟ್ಟು ಹಾಕುತ್ತ ಆ ಮರದ ಬಳಿಗೇ ಬಂದರು. ದೋಣಿಯ ಅಂಚಿನಿಂದ ಬಗ್ಗಿ, ತೋಳು ಮುಳುಗುವವರೆಗೆ ಕೈ ಇಳಿಬಿಟ್ಟು, ಅದರ ಮೈಯನ್ನು ಮೇಲಿಂದ ಕೆಳಗೆ ತಡವಿದರು.

"ಐತೆ" ಎಂದರು.